ಬೆಣಚುಕಲ್ಲಿನಲ್ಲಿ ಇದ್ದದ್ದು

ಫೆಬ್ರವರಿ 3

ಮಗಳೇ,

ನನ್ನ ಕೈಬರಹ ಕಂಡ ಕೂಡಲೇ ಹರಿದು ಹಾಕಬೇಡ. ಮೊದಲು ಓದು, ಆಮೇಲೆ ಬೇಕಾದರೆ ಹರಿ. ನಿನ್ನ ಅಮ್ಮ ಹೋದ ಮೇಲೆ ನನಗೆ ಒಂದು ಸಾಲು ಬರೆಯದವಳು ನೀನು. ಅದರ ಲೆಕ್ಕ ಕೇಳಲು ನಾನೀಗ ಕೂತಿಲ್ಲ.

ಆ ಕಲ್ಲು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಎಕ್ಸ್‌-ರೇ ಯಂತ್ರ ಈಗ ನಿನ್ನ ಕೈಯಲ್ಲೇ ಇದೆಯಂತೆ. ನಿನ್ನ ಮಾವ ಹೇಳಿದ. ಹೇಳುವಾಗ ಅವನ ಎದೆ ನೋಡಬೇಕಿತ್ತು, ಯಂತ್ರವನ್ನು ತಾನೇ ಕಂಡುಹಿಡಿದವನ ಹಾಗೆ ಉಬ್ಬಿತ್ತು. ಅವನ ಕೈಯಲ್ಲೇ ಒಂದು ಮೂಟೆ ಕಳಿಸುತ್ತಿದ್ದೇನೆ. ಆರು ಕಲ್ಲು. ಮೂರು ಕಪ್ಪು, ಹಳೇ ಸುರಂಗದ ಬಾಯಿಯ ಗೋಡೆಯವು. ಮೂರು ಬಿಳಿ ಬೆಣಚುಕಲ್ಲು, ಸ್ವಲ್ಪ ಒಳಗಿನವು. ಎಲ್ಲಕ್ಕೂ ಕೆಂಪು ಬಣ್ಣದಲ್ಲಿ ನಂಬರು ಹಾಕಿದ್ದೇನೆ.

ಈ ಗುಡ್ಡದ ಬೆಣಚುಕಲ್ಲಿನಲ್ಲಿ ಟಂಗ್‌ಸ್ಟನ್ ಇದೆ ಅಂತ ನಾನು ಹೇಳುತ್ತಾ ಬಂದು ಎಷ್ಟು ಕಾಲವಾಯಿತು ಅಂತ ನಿನಗೇ ಗೊತ್ತು. ಬಲ್ಬಿನೊಳಗಿನ ತಂತಿಯ ಲೋಹ ಅಂತ ನೀನು ಚಿಕ್ಕವಳಿದ್ದಾಗ ಒಂದು ಬಲ್ಬು ಒಡೆದೇ ತೋರಿಸಿದ್ದೆ. ಕ್ವಾರಿಯವರೆಲ್ಲ ನನ್ನನ್ನು ಗುಡ್ಡದ ಹುಚ್ಚ ಅನ್ನುತ್ತಾರೆ. ಅನ್ನಲಿ. ಅಕ್ಕನ ಗಂಡ ಅನ್ನುವ ಅಭಿಮಾನಕ್ಕೆ ನಿನ್ನ ಮಾವನೊಬ್ಬ ಕ್ವಾರಿ ಕೆಲಸ ಬಿಟ್ಟು ನನ್ನ ಜೊತೆ ನಿಂತಿದ್ದಾನೆ. ನಿನ್ನ ಅತ್ತೆ ಇಬ್ಬರಿಗೂ ಬೈಯುತ್ತಾಳೆ, ಇಬ್ಬರಿಗೂ ಬಡಿಸುತ್ತಾಳೆ.

ಅಪ್ಪ ಕೇಳಿದ ಅಂತ ಮಾಡಬೇಡ. ಯಾರೋ ದಾರಿಹೋಕ ತಂದ ಕಲ್ಲು ಅಂತಲೇ ನೋಡು. ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಗುಡ್ಡದ ಮರೆಗೆ ಮನೆಯಲ್ಲೂ ಕ್ವಾರಿ ಆಫೀಸಿನಲ್ಲೂ ಫೋನು ಸಿಗುವುದಿಲ್ಲ, ಕಾಗದವನ್ನೇ ಹಾಕು. ಟಪಾಲು ಕ್ವಾರಿ ಆಫೀಸಿಗೆ ಬರುತ್ತದೆ, ನಾನೇ ಹೋಗಿ ತರುತ್ತೇನೆ.

ನೀನು ಒಪ್ಪಿದರೂ ಬಿಟ್ಟರೂ,
ನಿನ್ನ ಅಪ್ಪ


ಫೆಬ್ರವರಿ 19

ಅಪ್ಪನಿಗೆ,

ಹರಿಯಲಿಲ್ಲ. ಅದಕ್ಕೆ ಕಾರಣ ನೀವಲ್ಲ. ಮಾವ ಆ ಮೂಟೆಯನ್ನು ಬಸ್ ನಿಲ್ದಾಣದಿಂದ ಇಲ್ಲಿಯ ತನಕ ಹೆಗಲ ಮೇಲೆ ಹೊತ್ತು ತಂದರು. ಗಾಡಿ ಮಾಡಿಕೊಂಡು ಬರಬಾರದಿತ್ತಾ ಅಂದರೆ, ‘ಗಾಡಿ ಕುಲುಕಿ ಒಳಗಿರೋದು ಉದುರಿಹೋದ್ರೆ ನಿಮ್ಮಪ್ಪ ನನ್ನನ್ನ ಬಿಡ್ತಾರಾ?’ ಅಂತ ನಕ್ಕರು. ಅವರಿಗೆ ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಅಂತ ಅವರು ಕೇಳಿದರು. ನಿಮಗೂ ಹೇಳಿಬಿಡುತ್ತೇನೆ, ಆಮೇಲೆ ತಡವಾಯಿತೆಂದು ಸಿಡುಕಬೇಡಿ. ಕಲ್ಲನ್ನು ಮೊದಲು ಜಜ್ಜಿ, ಆಮೇಲೆ ಯಂತ್ರದ ಬಟ್ಟಲಲ್ಲಿ ಹಿಟ್ಟಿಗಿಂತ ನುಣ್ಣಗೆ ಅರೆಯಬೇಕು. ಅದು ನಮ್ಮಲ್ಲಿ ಒಬ್ಬರದೇ ಕೆಲಸ. ದಿನವಿಡೀ ಪುಡಿಯಲ್ಲೇ ಇರುವ ಅವರನ್ನು ಎಲ್ಲರೂ ಪುಡಿಯಕ್ಕ ಅನ್ನುತ್ತೇವೆ. ಪುಡಿಗೆ ಅಂಟು ಬೆರೆಸಿ ಒತ್ತಿದರೆ ದೊಡ್ಡ ನಾಣ್ಯದಂಥ ಬಿಲ್ಲೆಯಾಗುತ್ತದೆ. ಬಿಲ್ಲೆ ನನ್ನ ಕೋಣೆಗೆ ಬರುತ್ತದೆ. ಯಂತ್ರಕ್ಕೆ ಸೆಕೆ ತಾಗಬಾರದೆಂದು ಆ ಕೋಣೆಗೆ ಕಿಟಕಿಯೇ ಇಲ್ಲ, ನಾನು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಕೂರುತ್ತೇನೆ. ಬಿಲ್ಲೆಯ ಮೇಲೆ ಎಕ್ಸ್‌-ರೇ ಬಿಟ್ಟರೆ ಕಲ್ಲಿನಲ್ಲಿರುವ ಒಂದೊಂದು ಧಾತುವೂ ತನ್ನದೇ ಆದ ಕಿರಣವನ್ನು ಹೊರಗೆ ಹಾಕುತ್ತದೆ. ಯಾವ ಕಿರಣ ಎಷ್ಟು ಬಂತೆಂದು ಯಂತ್ರ ಎಣಿಸುತ್ತದೆ. ಹತ್ತು ಲಕ್ಷ ಭಾಗದಲ್ಲಿ ನಾಲ್ಕೈದು ಭಾಗ ಇದ್ದರೂ ಸಿಕ್ಕಿಬೀಳುತ್ತದೆ. ಆಫೀಸಿನ ಕಲ್ಲುಗಳ ನಡುವೆ ಬಿಡುವು ಸಿಕ್ಕಾಗ ನಿಮ್ಮವನ್ನು ಹಾಕುತ್ತೇನೆ.

ಒಂದು ಮಾತು ಬರೆಯದೆ ಇರಲಾರೆ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾ ಬಾಗಿಲ ಕಡೆಗೇ ನೋಡುತ್ತಿದ್ದಳು. ಬಂದದ್ದು ಮಾವ, ಅತ್ತೆ. ನೀವು ಇದೇ ಬೆಣಚುಕಲ್ಲು ಕೆತ್ತುತ್ತಾ ಕೂತಿದ್ದಿರಿ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಮಗಳು


ಮಾರ್ಚ್ 11

ಅಪ್ಪ,

ಇದೆ.

ಯಂತ್ರದ ಪಕ್ಕದಲ್ಲೇ ನಿಂತು ಗೀಚುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ. ಕಪ್ಪು ಕಲ್ಲುಗಳಲ್ಲಿ ಟಂಗ್‌ಸ್ಟನ್ ಹತ್ತು ಲಕ್ಷಕ್ಕೆ ಇನ್ನೂರರ ಆಸುಪಾಸು. ಬೆಣಚುಕಲ್ಲುಗಳಲ್ಲಿ ಒಂಬೈನೂರು! ಜೊತೆಗೆ ಕೋಬಾಲ್ಟ್ ಅನ್ನುವ ಇನ್ನೊಂದು ಲೋಹ ಅರವತ್ತು. ಬೆಣಚು ಹೆಚ್ಚಿದ್ದಷ್ಟೂ ಲೋಹ ಹೆಚ್ಚು ಅಂತ ನೀವು ಊಟಕ್ಕೆ ಕೂತಾಗೆಲ್ಲ ಅಮ್ಮನ ತಲೆಯನ್ನೂ ನನ್ನ ತಲೆಯನ್ನೂ ಎಷ್ಟು ಸಲ ಕೊರೆದಿದ್ದೀರಿ. ನೀವು ಹೇಳಿದ ಹಾಗೇ ಇದೆ. ನಂಬಲಾಗದೆ ಅದೇ ಬಿಲ್ಲೆಗಳನ್ನು ಮತ್ತೆ ಯಂತ್ರಕ್ಕೆ ಹಾಕಿದೆ. ಅದೇ ಅಂಕಿ ಬಂತು. ಪುಡಿಯಕ್ಕ ‘ಏನೇ, ನಿಧಿ ಸಿಕ್ತಾ?’ ಅಂದರು. ಅವರನ್ನು ತಬ್ಬಿಕೊಂಡುಬಿಟ್ಟೆ, ನನ್ನ ಕೋಟಿಗೆಲ್ಲ ಪುಡಿ ಮೆತ್ತಿತು.

ಆದರೆ ಇದು ಬರೀ ಆರು ಕಲ್ಲು. ಬೇರೆ ಬೇರೆ ಜಾಗದ ಕಲ್ಲು ಇನ್ನೂ ಬೇಕು. ಹೊರಗಿನಿಂದಲೇ ಆರಿಸಿ ಕಳಿಸಿ. ಹಳೇ ಸುರಂಗದ ಒಳಗೆ ಮಾತ್ರ ಹೋಗಬೇಡಿ, ಮೇಲಿನ ಬಂಡೆ ಸಡಿಲವಾಗಿದೆ ಅಂತ ಮಾವನೇ ಹೇಳಿದ್ದರು.

ನಿಮ್ಮನ್ನು ಹುಚ್ಚ ಅಂದವರಲ್ಲಿ ನಾನೂ ಇದ್ದೆ. ಕಲ್ಲಿನ ವಿಷಯದಲ್ಲಿ ಆ ಮಾತು ವಾಪಸು ತೆಗೆದುಕೊಂಡಿದ್ದೇನೆ. ಉಳಿದ ವಿಷಯ ಆಮೇಲೆ ನೋಡೋಣ.

ನಿಮ್ಮ ಮಗಳು


ಮಾರ್ಚ್ 24

ನನ್ನ ಬಂಗಾರದ ಮಗಳೇ,

ನಿನ್ನ ಪತ್ರವನ್ನು ಕ್ವಾರಿ ಆಫೀಸಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ಓದಿದವನು ಅಲ್ಲೇ ಕೂತುಬಿಟ್ಟೆ. ಗುಮಾಸ್ತ ‘ಏನು ಯಜಮಾನ್ರೇ, ಕೆಟ್ಟ ಸುದ್ದಿನಾ?’ ಅಂತ ನೀರು ತಂದುಕೊಟ್ಟ. ‘ಹೋಗಯ್ಯಾ, ಇನ್ನು ಮೇಲೆ ಗುಡ್ಡದ ಹುಚ್ಚನ ಮುಂದೆ ಕೈಕಟ್ಟಿ ನಿಂತು ಮಾತಾಡು’ ಅಂದೆ. ಮನೆಗೆ ಬಂದು ನಿನ್ನ ಮಾವನಿಗೆ ಓದಿ ಹೇಳಿದೆ. ‘ಇನ್ನೊಂದ್ಸಲ ಓದಿ ಭಾವ’ ಅಂದ. ಮತ್ತೆ ಓದಿದೆ. ‘ಆ ಒಂಬೈನೂರು ಅನ್ನೋದಿದೆಯಲ್ಲ, ಅಲ್ಲಿಂದ ಓದಿ’ ಅಂದ. ನಿನ್ನ ಅತ್ತೆ ಬೈಯದೆ ಬಡಿಸಿದಳು, ಅಷ್ಟು ಸಾಕಲ್ಲ.

ಹೊರಗಿನ ಕಲ್ಲಿಂದ ಏನಾಗುತ್ತೆ ಹೇಳು. ಬೆಣಚಿನ ಎಳೆ ಒಳಗೆ ಹೋದಷ್ಟೂ ದಪ್ಪವಾಗಿದೆ, ಸುರಂಗ ತೋಡಿದ ಹಳಬರು ಅದರ ಬೆಲೆ ತಿಳಿಯದೆ ಬಿಟ್ಟು ಹೋಗಿದ್ದಾರೆ. ಕುಸಿದ ಭಾಗವನ್ನು ಬಿಡಿಸಿ ದಾರಿ ಮಾಡುತ್ತಿದ್ದೇವೆ. ಮರದ ಆಸರೆ ಕೊಟ್ಟುಕೊಂಡೇ ಮುಂದೆ ಹೋಗುತ್ತೇವೆ, ಹೆದರಬೇಡ. ನಾನೇನು ನಿನ್ನೆ ಮೊನ್ನೆ ಹುಟ್ಟಿದವನಾ?

ನಿನ್ನ ಅಮ್ಮ ಇದ್ದಿದ್ದರೆ ಅಂತ ಬರೆಯಲು ಹೊರಟೆ. ಹಾಗೆ ಬರೆಯುವ ಯೋಗ್ಯತೆ ನನಗಿಲ್ಲ. ಆಸ್ಪತ್ರೆಗೆ ಬರಲು ನನಗೆ ಹೆದರಿಕೆಯಾಗಿತ್ತು ಕಣೇ. ಬರಿಗೈಯಲ್ಲಿ ಹೋಗಿ ಅವಳ ಮುಂದೆ ಹೇಗೆ ನಿಲ್ಲಲಿ ಅಂತ. ಕಲ್ಲು ಬರೀ ನೆಪ.

ಇನ್ನು ಆಗಾಗ ಕಾಗದ ಹಾಕು. ಕಲ್ಲಿನ ವಿಷಯ ಇಲ್ಲದಿದ್ದರೂ ಹಾಕು.

ಅಪ್ಪ


ಏಪ್ರಿಲ್ 7

ನನ್ನ ಕೂಸೇ,

ನಿನ್ನ ಅತ್ತೆ ಬರೆಯೋದು. ಹೊಟ್ಟೆ ತುಂಬ ಉಣ್ತಾ ಇದ್ದೀಯಾ? ಹೋದ ಸಲ ಬಂದಾಗ ಕಡ್ಡಿ ಹಾಗಿದ್ದೆ. ನಿನ್ನ ಅಮ್ಮ ನಿನ್ನನ್ನ ನನ್ನ ಕೈಗೆ ಕೊಟ್ಟು ಹೋದವಳು, ಕೇಳೋ ಹಕ್ಕು ನನಗಿದೆ.

ಈ ಇಬ್ಬರ ಕಥೆ ಹೇಳೋಕಾಗ್ತಿಲ್ಲ. ಬೆಳಗ್ಗೆ ಸುರಂಗಕ್ಕೆ ಹೋದರೆ ಬೆಳಕಿರೋ ತನಕ ಬರಲ್ಲ. ಆಸರೆಗೆ ಅಂತ ನಿಲ್ಲಿಸಿರೋದು ಏನು ಗೊತ್ತಾ? ಕ್ವಾರಿ ಯಂತ್ರದ ಸಾಮಾನು ಬಂದ ಪೆಟ್ಟಿಗೆಗಳ ಹಲಗೆ. ನಾನು ಊಟ ಕೊಡೋಕೆ ಹೋದಾಗ ಮೇಲಿಂದ ಮಣ್ಣು ಉದುರಿ ತಟ್ಟೆಗೇ ಬಿತ್ತು. ನಿನ್ನ ಮಾವ ಅದನ್ನ ಬೆರಳಲ್ಲಿ ತೆಗೆದು ಎಸೆದು ಉಂಡರು. ಈ ವಯಸ್ಸಲ್ಲಿ ಅವರ ಹಾರಾಟ ನೋಡಬೇಕು ನೀನು. ನನ್ನ ಮಗನೂ ಲಾರಿ ಓಡಿಸೋದು ಬಿಟ್ಟು ಸುರಂಗಕ್ಕೆ ಬರ್ತೀನಿ ಅಂತ ಕುಣೀತಿದ್ದ. ಹೆಂಡತಿ ಮಗು ಇರೋನು! ಕೊರಳಪಟ್ಟಿ ಹಿಡಿದು ಕೂರಿಸಿದ್ದೀನಿ. ಮೊಂಡ ಅಂತ ನೀನು ಅವನಿಗೆ ಇಟ್ಟ ಹೆಸರು ಸರಿಯಾಗೇ ಇದೆ.

ನನ್ನ ಮಾತಿಗೆ ಇಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ. ನಿನ್ನ ಅಪ್ಪ ಈಗ ಕೇಳೋದು ಅಂದರೆ ನಿನ್ನ ಮಾತೊಂದೇ. ನಿಲ್ಲಿಸಿ ಅಂತ ಅವರಿಗೆ ಒಂದು ಸಾಲು ಬರಿ ಕಂದಾ. ಕೈಮುಗೀತೀನಿ.

ನಿನ್ನ ಅತ್ತೆ


ಏಪ್ರಿಲ್ 15

ಅಪ್ಪ,

ಇದನ್ನು ಓದಿ ಮುಗಿಸುವ ಮೊದಲೇ ಕೆಲಸ ನಿಲ್ಲಿಸಿ. ಮಾವನನ್ನು ಹೊರಗೆ ಕರೆಯಿರಿ.

ಟಂಗ್‌ಸ್ಟನ್ ನಿಮ್ಮ ಗುಡ್ಡದ್ದಲ್ಲ. ನಮ್ಮ ಬಟ್ಟಲಿನದು.

ನಿನ್ನೆ ಗಾಜಿನ ಕಾರ್ಖಾನೆಯಿಂದ ಬಿಳಿ ಮರಳು ಬಂದಿತ್ತು. ತೊಳೆದ ಶುದ್ಧ ಮರಳು, ಅದರಲ್ಲಿ ಬೇರೇನೂ ಇರಬಾರದು. ಯಂತ್ರ ಮಾತ್ರ ಟಂಗ್‌ಸ್ಟನ್ ಒಂಬೈನೂರು, ಕೋಬಾಲ್ಟ್ ಅರವತ್ತು ಅಂತು. ನಿಮ್ಮ ಕಲ್ಲುಗಳ ಅಂಕಿ ತೆಗೆದು ನೋಡಿದೆ. ಆರರಲ್ಲೂ ಟಂಗ್‌ಸ್ಟನ್ ಕೋಬಾಲ್ಟಿನ ಹದಿನೈದು ಪಟ್ಟು. ಕಪ್ಪು ಕಲ್ಲಿನಲ್ಲೂ ಅದೇ, ಬಿಳಿಯದರಲ್ಲೂ ಅದೇ. ಗುಡ್ಡ ಯಾವತ್ತೂ ಹಾಗೆ ಅಳತೆ ಮಾಡಿ ಬೆರೆಸುವುದಿಲ್ಲ. ಕಾರ್ಖಾನೆ ಬೆರೆಸುತ್ತದೆ. ನಿಮ್ಮ ಡ್ರಿಲ್ಲಿನ ತುದಿಗೆ ಗಟ್ಟಿ ಲೋಹ ಹಾಕುತ್ತಾರಲ್ಲ, ಟಂಗ್‌ಸ್ಟನ್ ಕಾರ್ಬೈಡ್, ಕೋಬಾಲ್ಟ್ ಸೇರಿಸಿಯೇ ಅದನ್ನು ಮಾಡುವುದು, ಅದರ ಬೆರಕೆ ಇದು.

ಓಡಿಹೋಗಿ ಪುಡಿಯಕ್ಕನನ್ನು ಕೇಳಿದೆ. ಇಂಥ ಪರೀಕ್ಷೆಗೆ ಲೋಹವೇ ಇಲ್ಲದ ಅಗೇಟು ಕಲ್ಲಿನ ಬಟ್ಟಲಲ್ಲೇ ಅರೆಯುವುದು ನಮ್ಮ ಪದ್ಧತಿ. ‘ನಿಮ್ಮಪ್ಪನ ಕಲ್ಲು ತುಂಬ ಗಟ್ಟಿ ಕಣೇ, ಅಗೇಟಲ್ಲಿ ನುಣ್ಣಗಾಗ್ತಿರಲಿಲ್ಲ. ನಿನ್ನ ಕೆಲಸ ಚೆನ್ನಾಗಾಗ್ಲಿ ಅಂತ ಕಾರ್ಬೈಡ್ ಬಟ್ಟಲಲ್ಲಿ ಹಾಕಿದೆ. ಎಷ್ಟು ಚೆನ್ನಾಗಿ ಬಂತು ಅಂದ್ರೆ ಆಮೇಲೂ ಅದರಲ್ಲೇ ಅರೀತಿದ್ದೀನಿ’ ಅಂದರು. ಪ್ರೀತಿಯಿಂದ ಮಾಡಿದ್ದು, ಏನಂತ ಬೈಯಲಿ? ಕಲ್ಲು ಗಟ್ಟಿಯಾದಷ್ಟೂ ಬಟ್ಟಲು ಹೆಚ್ಚು ಸವೆದು ಪುಡಿಗೆ ಸೇರುತ್ತದೆ. ಬೆಣಚುಕಲ್ಲಿನಲ್ಲಿ ಹೆಚ್ಚು ಬಂದದ್ದು ಅದಕ್ಕೇ. ಯಾವ ಬಟ್ಟಲು ಅಂತ ಕೇಳುವುದು ನನ್ನ ಕೆಲಸ. ಬೇರೆ ಯಾರ ಕಲ್ಲಿನಲ್ಲಿ ಅಷ್ಟು ಬಂದಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದೆ. ನಿಮ್ಮದಕ್ಕೆ ಕೇಳಲಿಲ್ಲ. ಖುಷಿಯಲ್ಲಿ ತಲೆಯೇ ಓಡಲಿಲ್ಲ.

ಉಳಿದಿದ್ದ ಚೂರುಗಳನ್ನು ಅಗೇಟಿನಲ್ಲಿ ಅರೆಸಿ ನೋಡಿದೆ. ಆರರಲ್ಲೂ ಏನೂ ಇಲ್ಲ ಅಪ್ಪ. ಯಂತ್ರಕ್ಕೆ ಕಾಣುವಷ್ಟೂ ಇಲ್ಲ.

ನಾನೇ ಹೊರಟು ಬರುತ್ತಿದ್ದೆ. ಆ ಬಟ್ಟಲಲ್ಲಿ ಅರೆದ ಬೇರೆಯವರ ಕಲ್ಲುಗಳ ವರದಿಯೂ ಕೆಟ್ಟಿದೆ, ಅದೆಲ್ಲ ಸರಿಯಾಗುವ ತನಕ ಮೇಲಿನವರು ನನ್ನನ್ನು ಬಿಡುತ್ತಿಲ್ಲ. ತುರ್ತು ಟಪಾಲಿನಲ್ಲಿ ಹಾಕುತ್ತಿದ್ದೇನೆ. ಬೈಯಿರಿ, ಶಾಪ ಹಾಕಿ, ಬದುಕಿರುವ ತನಕ ನನ್ನ ಜೊತೆ ಮಾತು ಬಿಡಿ. ಒಳಗೆ ಮಾತ್ರ ಹೋಗಬೇಡಿ. ಮಾವನಿಗೆ ಈಗಲೇ ಓದಿ ಹೇಳಿ.

ನಿಮ್ಮ ಮಗಳು


ಮೇ 6

ಮಗಳೇ,

ಮಾವನ ಮಣ್ಣಿಗೆ ನೀನು ಬಂದು ಹೋದೆ. ನನ್ನ ಪಕ್ಕ ನಿಂತು ಒಂದೇ ಮಾತು ಕೇಳಿದೆ, ‘ನನ್ನ ಪತ್ರ ಬರೋಷ್ಟರಲ್ಲಿ ಮುಗಿದುಹೋಗಿತ್ತಾ?’ ಅಂತ. ನಾನು ಹೂಂ ಅಂದೆ.

ಅದು ಸುಳ್ಳು. ಪತ್ರ ಸೋಮವಾರ ಬಂತು. ಸುರಂಗ ಕುಸಿದದ್ದು ಗುರುವಾರ.

ಓದಿದೆ, ಮಡಚಿ ಜೇಬಿಗೆ ಹಾಕಿಕೊಂಡೆ. ಮಾವನಿಗೆ ಹೇಳಲಿಲ್ಲ. ನಿನ್ನ ಮಾತು ನಂಬಲಿಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತೆ. ನಂಬಿದೆ. ನಂಬಿದ್ದಕ್ಕೇ ತಡೆದುಕೊಳ್ಳಲಾಗಲಿಲ್ಲ. ಒಳಗಿನ ದಪ್ಪ ಎಳೆಯಿಂದ ಒಂದೇ ಒಂದು ಕಲ್ಲು ತೆಗೆದು, ತಗೋ, ಇದನ್ನ ನಿನ್ನ ಅಗೇಟು ಬಟ್ಟಲಲ್ಲಿ ಅರೆದು ನೋಡು ಅಂತ ನಿನಗೆ ಕಳಿಸಬೇಕು ಅನ್ನಿಸಿತು. ಅದೊಂದಾದ ಮೇಲೆ ನಿಲ್ಲಿಸಿದರಾಯಿತು ಅಂದುಕೊಂಡೆ. ಗುರುವಾರ ನನಗೆ ಕೆಮ್ಮು ಜೋರಾಗಿತ್ತು. ‘ನೀವು ಕೂತಿರಿ ಭಾವ, ಒಂದು ಗಳಿಗೇಲಿ ತರ್ತೀನಿ’ ಅಂತ ಅವನೇ ಹೋದ. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಅವನನ್ನು ಹೊರಗೆ ತೆಗೆದಾಗ ನಿನ್ನ ಅತ್ತೆ ಅಳಲಿಲ್ಲ. ನನ್ನ ಮುಖ ನೋಡಿ ‘ಕಲ್ಲಲ್ಲಿ ಅದು ಇದೆ ತಾನೇ?’ ಅಂತ ಕೇಳಿದಳು. ಇದೆ ಅಂದೆ. ಇನ್ನೇನು ಅನ್ನಲಿ? ಅವಳಿಗೆ ಈಗ ಉಳಿದಿರುವುದು ಅದೊಂದೇ, ಅದನ್ನೂ ಕಿತ್ತುಕೊಳ್ಳಬೇಡ. ಕೇಳಿದರೆ ನೀನೂ ಇದೆ ಅಂತಲೇ ಅನ್ನು. ನಿನ್ನ ಕಾಗದ ಸೋಮವಾರವೇ ಬಂದಿತ್ತು ಅಂತ ಮೊಂಡನ ಕಿವಿಗೆ ಬಿದ್ದರೆ ಅವನು ನನ್ನನ್ನು ಉಳಿಸುವುದಿಲ್ಲ. ಉಳಿಯಬೇಕು ಅಂತ ನನಗೂ ಇಲ್ಲ. ಆದರೆ ಆಮೇಲೆ ಅವನು ಜೈಲು ಸೇರುತ್ತಾನೆ.

ಅಪ್ಪ ಅಂತ ಸಹಿ ಹಾಕಲು ಕೈ ಬರುತ್ತಿಲ್ಲ.


ಮೇ 27

ನನ್ನ ಕೂಸೇ,

ನೀನು ಬಂದಾಗ ಜನರ ಮಧ್ಯೆ ಕೂತು ಮಾತಾಡೋಕಾಗಲಿಲ್ಲ. ಈಗ ಬರೀಲೇಬೇಕಾಗಿದೆ. ಮೊಂಡ ಲಾರಿ ಕೆಲಸ ಬಿಟ್ಟುಬಂದ. ಸುರಂಗ ಮತ್ತೆ ಬಿಡಿಸ್ತಾನಂತೆ. ‘ಅಪ್ಪ ಅದಕ್ಕೋಸ್ಕರ ಪ್ರಾಣ ಬಿಟ್ಟಿದ್ದಾರೆ, ಅದನ್ನ ಅಲ್ಲೇ ಬಿಟ್ಟು ನಾನು ಹೇಗಮ್ಮ ಕೂರಲಿ’ ಅಂತಾನೆ. ಹೊಸ ಹಾರೆ ತಂದು ಬಾಗಿಲ ಮೂಲೇಲಿ ಇಟ್ಟಿದ್ದಾನೆ. ಅವನ ಹೆಂಡತಿ ಮಗೂನ ಮಡಿಲಲ್ಲಿ ಹಾಕ್ಕೊಂಡು ಆ ಹಾರೇನೇ ನೋಡ್ತಾ ಕೂತಿರ್ತಾಳೆ. ನಿನ್ನ ಅಪ್ಪನ್ನ ಕೇಳಿದರೆ ಕಲ್ಲಲ್ಲಿ ಇದೆ ಅಂತಾರೆ, ಹೋಗಬೇಡ ಅಂತಾನೂ ಅಂತಾರೆ, ಆಮೇಲೆ ಗೋಡೆ ಕಡೆ ತಿರುಗಿ ಕೂರ್ತಾರೆ. ಇದೆಂಥ ಮಾತೋ ನನಗೆ ತಲೆಬುಡ ತಿಳೀತಿಲ್ಲ.

ನೀನು ಹೇಳು. ನಿನ್ನ ಯಂತ್ರ ಏನು ಹೇಳ್ತು, ಅದನ್ನ ನೇರವಾಗಿ ಬರಿ. ಅಕ್ಕ ಸುಳ್ಳು ಹೇಳೋಳಲ್ಲ ಅಂತ ಮೊಂಡ ಒಪ್ಪಿದ್ದಾನೆ, ನಿನ್ನ ಕಾಗದ ಬರೋ ತನಕ ಹಾರೆ ಮುಟ್ಟಲ್ಲ ಅಂದಿದ್ದಾನೆ. ಇದೆ ಅಂತ ನೀನು ಬರೆದರೆ ನಾನು ಅವನನ್ನ ತಡೆಯಲ್ಲ. ನಿಜ ಹೇಳಲಾ? ಇದೆ ಅಂತಲೇ ಬರಲಿ ಅಂತ ನನಗೆ ಆಸೆ. ಹಾಗಾದರೂ ಅವರು ಹೋದದ್ದಕ್ಕೆ ಒಂದು ಅರ್ಥ ಸಿಗುತ್ತಲ್ಲ.

ನಿನ್ನ ಅತ್ತೆ


ಜೂನ್ 2

ಅಪ್ಪ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಬರೆದದ್ದೆಲ್ಲ ಬೈಗುಳವಾಯಿತು, ಹರಿದು ಹಾಕಿದೆ. ಯಾವ ಬಟ್ಟಲು ಅಂತ ಕೇಳದೆ ಮಾವನನ್ನು ಅರ್ಧ ಕೊಂದವಳು ನಾನು. ಉಳಿದರ್ಧ ಕೊಂದವರು ನೀವು.

ಇವತ್ತು ಅತ್ತೆಗೆ ಬರೆಯುತ್ತಿದ್ದೇನೆ. ಕಲ್ಲಿನಲ್ಲಿ ಏನೂ ಇಲ್ಲ ಅಂತಲೇ ಬರೆಯುತ್ತೇನೆ. ನಿಮ್ಮ ಸುಳ್ಳಿಗೆ ಮೊಂಡನನ್ನೂ ಬಲಿ ಕೊಡಲಾರೆ. ನನ್ನ ಪತ್ರ ನಿಮಗೆ ಮೊದಲೇ ತಲುಪಿತ್ತು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ನಿಮ್ಮನ್ನು ಉಳಿಸಲು ಅಲ್ಲ. ಸುರಂಗದಿಂದ ಉಳಿದವನು ನಿಮ್ಮಿಂದಾಗಿ ಜೈಲಿಗೆ ಹೋದರೆ ಆ ಮನೆಯಲ್ಲಿ ಯಾರು ಉಳಿದಂತಾಯಿತು? ಅತ್ತೆ ಏನಾದರೂ ಕೇಳಿದರೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು.

ನಿಮಗೆ ನಾನು ಬರೆಯುವುದು ಇಲ್ಲಿಗೆ ಮುಗಿಯಿತು.

ಮಗಳು


ಜೂನ್ 2

ಅತ್ತೆ,

ನಿಮ್ಮ ಕಾಲು ಹಿಡಿದುಕೊಂಡು ಬರೆಯುತ್ತಿದ್ದೇನೆ ಅಂತ ತಿಳಿಯಿರಿ. ಕಲ್ಲಿನಲ್ಲಿ ಅದು ಇಲ್ಲ. ಕಪ್ಪು ಕಲ್ಲಿನಲ್ಲೂ ಇಲ್ಲ, ಬೆಣಚುಕಲ್ಲಿನಲ್ಲೂ ಇಲ್ಲ.

ಮೊದಲು ನಾನು ಇದೆ ಅಂತ ಬರೆದದ್ದು ತಪ್ಪು. ಹೊಸ ಒರಳಲ್ಲಿ ಮೊದಲ ಸಲ ಅರೆದರೆ ಒರಳಿನ ಕಲ್ಲೇ ಸವೆದು ಬಂದು ಹಲ್ಲಿಗೆ ಸಿಗುತ್ತದಲ್ಲ, ಹಾಗಾಯಿತು. ಕಲ್ಲನ್ನು ಅರೆದ ನಮ್ಮ ಬಟ್ಟಲು ಅದೇ ಲೋಹದ್ದು. ಅದು ಸವೆದು ಪುಡಿಗೆ ಸೇರಿತು. ಯಂತ್ರ ಇದ್ದದ್ದನ್ನೇ ಹೇಳಿತು, ನಾನು ಅದನ್ನು ಗುಡ್ಡದ್ದು ಅಂತ ತಿಳಿದೆ. ಸರಿಯಾದ ಬಟ್ಟಲಲ್ಲಿ ಮತ್ತೆ ಅರೆಸಿ ನೋಡಿದ್ದೇನೆ. ಏನೂ ಇಲ್ಲ.

ಮಾವ ನನ್ನ ಅಂಕಿ ನಂಬಿ ಒಳಗೆ ಹೋದರು. ಮಣ್ಣಿಗೆ ಬಂದಾಗಲೇ ಇದನ್ನು ನಿಮಗೆ ಹೇಳಬೇಕು ಅಂತ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನೀವು ನನ್ನ ತಲೆ ಸವರಿದಿರಿ, ಹೇಳದೆಯೇ ವಾಪಸು ಬಸ್ಸು ಹತ್ತಿದೆ. ಅವರು ಹೋದದ್ದಕ್ಕೆ ಅರ್ಥ ಬೇಕು ಅಂತ ಕೇಳಿದ್ದೀರಿ. ನನ್ನ ಹತ್ತಿರ ಕೊಡಲು ಅಂಥದ್ದೇನೂ ಇಲ್ಲ ಅತ್ತೆ.

ಮೊಂಡಾ, ಇದನ್ನು ನೀನು ಓದುತ್ತಿದ್ದರೆ ಕೇಳು. ಅಲ್ಲಿರೋದು ಬರೀ ಕಲ್ಲು ಕಣೋ. ಹೋಗಬೇಡ.

ನಿಮ್ಮ ಕೂಸು


ಜೂನ್ 21

ಕಾಗದ ಬಂತು. ಮೊಂಡನ ಕೈಗೆ ಕೊಟ್ಟೆ. ಎರಡು ಸಲ ಓದಿದ. ಆಮೇಲೆ ಹಾರೆ ತಗೊಂಡು ಹೋಗಿ ಅಂಗಡಿಗೆ ವಾಪಸು ಕೊಟ್ಟುಬಂದ. ಈಗ ಲಾರಿಗೆ ಹೋಗ್ತಿದ್ದಾನೆ. ನಿನಗೆ ಪುಣ್ಯ ಬರಲಿ ಅಂತ ಅವನ ಹೆಂಡತಿ ಬರೀಬೇಕು ಅಂದಳು, ಬರೆದಿದ್ದೀನಿ.

ನಿನ್ನ ಅಪ್ಪನಿಗೆ ಇಲ್ಲೇ ಊಟ ಹಾಕ್ತಿದ್ದೀನಿ. ಒಂದು ಕಡೆ ಕೂತಿರ್ತಾರೆ. ಅವರನ್ನ ಬೈದು ಏನು ಬಂತು, ಮಗಳು ಹೇಳಿದ್ದನ್ನ ನಂಬಿದರು ಪಾಪ.

ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ. ಅದನ್ನ ನಾನು ಹೇಗೋ ನುಂಗಿಕೋತಿದ್ದೆ. ಆದರೆ ಏಪ್ರಿಲ್‌ನಲ್ಲಿ ನಿನಗೆ ಕೈಮುಗಿದು ಬರೆದಿದ್ದೆ, ನಿಲ್ಲಿಸಿ ಅಂತ ನಿನ್ನ ಅಪ್ಪನಿಗೆ ಒಂದು ಸಾಲು ಬರಿ ಅಂತ. ಮೊನ್ನೆ ಊಟಕ್ಕೆ ಕೂತಾಗ ಅವರನ್ನ ಕೇಳಿದೆ, ಕುಸಿಯೋಕೆ ಮುಂಚೆ ಮಗಳ ಕಾಗದ ಏನಾದರೂ ಬಂದಿತ್ತಾ ಅಂತ. ತಟ್ಟೆ ನೋಡ್ತಾ ‘ಇಲ್ಲ’ ಅಂದರು.

ಒಂದು ಸಾಲು ಬರೆಯೋಕೆ ನಿನಗೆ ಪುರುಸೊತ್ತಾಗಲಿಲ್ಲ. ಇನ್ನು ಮೇಲೆ ನನಗೂ ಬರೀಬೇಡ.

ಮೊಂಡನ ತಾಯಿ